ಪುಸ್ತಕಭಂಡಾರದ ಗೋಡೆಗಳು

ಊರಿನ ಪುಸ್ತಕಭಂಡಾರಕ್ಕೆ ಹೋಗುವವರು ಪುಸ್ತಕಕ್ಕಾಗಿ ಹೋಗುತ್ತಾರೆ. ಗೋಡೆಯನ್ನು ನೋಡಬೇಕೆಂದು ಯಾರೂ ಹೋಗುವುದಿಲ್ಲ. ಆದರೂ ಒಳಕ್ಕೆ ಕಾಲಿಟ್ಟೊಡನೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯೇ. ಅಲ್ಲಿ ಒಬ್ಬ ದಾನಿಯ ಭಾವಚಿತ್ರ, ಎರಡು ಮೂರು ವರ್ಷಗಳ ಹಿಂದಿನ ಕ್ಯಾಲೆಂಡರು, ಯಾವುದೋ ಸಮಾರಂಭದಲ್ಲಿ ಯಾರೋ ಕೊಟ್ಟುಹೋದ, ಬಿಸಿಲಿಗೆ ಬಣ್ಣ ಮಾಸಿದ ಒಂದು ಪಟ, ಇಂತಹವು ತೂಗುತ್ತಿರುತ್ತವೆ. ಇವು ಇಲ್ಲಿಗೆ ಹೇಗೆ ಬಂದುವೆಂದು ಕೇಳಿದರೆ, ಮೊದಲಿನಿಂದಲೂ ಇವೆ ಎಂಬ ಉತ್ತರ ದೊರೆಯುತ್ತದೆ. ಪುಸ್ತಕಗಳನ್ನು ಆರಿಸುವುದಕ್ಕೆ ಸಮಿತಿಯುಂಟು, ಪಟ್ಟಿಯುಂಟು, ಚರ್ಚೆಯುಂಟು. ಗೋಡೆಗಾದರೋ ಒಂದು ಮೊಳೆಯಿದ್ದರೆ ಸಾಕೆಂದು ನಾವು ತಿಳಿದಿರುವಂತೆ ಕಾಣುತ್ತದೆ.

ಪುಸ್ತಕಭಂಡಾರದಲ್ಲಿ ಚಿತ್ರ, ಪ್ರತಿಮೆಗಳನ್ನು ಇರಿಸುವುದು ಹೇಗೆ, ಅವುಗಳನ್ನು ಆರಿಸತಕ್ಕವರು ಯಾರು, ಯಾವ ನಿಯಮದಿಂದ ಆರಿಸತಕ್ಕದ್ದು ಎಂಬ ವಿಚಾರವನ್ನು ಈ ಉಪನ್ಯಾಸದಲ್ಲಿ ನಾವು ಸ್ವಲ್ಪಮಟ್ಟಿಗೆ ಪರಿಶೀಲಿಸೋಣ. ಕಣ್ಣಿಗೆ ಸಂಬಂಧಪಟ್ಟ ವಿಷಯವನ್ನು ಕಿವಿಯ ಮೂಲಕ ಹೇಳಬೇಕಾಗಿರುವುದರಿಂದ, ಶ್ರೋತೃಗಳು ತಮ್ಮ ಕಲ್ಪನೆಯನ್ನು ನಮಗೆ ಕೊಂಚ ಹೊತ್ತು ಎರವಲು ಕೊಡಬೇಕು.

ಮೊದಲು ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳೋಣ. ಕಪಾಟಿನಲ್ಲಿರುವ ಪುಸ್ತಕ ತಾನಾಗಿ ಯಾರನ್ನೂ ಮಾತನಾಡಿಸುವುದಿಲ್ಲ. ನಮಗೆ ಬೇಡವಾದುದನ್ನು ನಾವು ತೆರೆಯುವುದಿಲ್ಲ. ತೆರೆದರೂ ಹತ್ತು ಪುಟಕ್ಕೆ ಮುಚ್ಚಿಬಿಡಬಹುದು. ಆದಕಾರಣ ಒಂದೇ ಕಪಾಟಿನಲ್ಲಿ ಪರಸ್ಪರ ವಿರೋಧವಾದ ನೂರು ಗ್ರಂಥಗಳು ಶಾಂತವಾಗಿ ನಿಂತಿರಬಲ್ಲವು. ಗೋಡೆಯ ಚಿತ್ರದ ಸ್ಥಿತಿ ಹೀಗಲ್ಲ. ಅದು ಬಂದವರೆಲ್ಲರನ್ನೂ ಕರೆದು ಮಾತನಾಡಿಸುತ್ತದೆ, ಬೇಡವೆಂದವರಿಗೂ ಕಾಣುತ್ತದೆ. ಪುಸ್ತಕವನ್ನು ಓದುಗನು ಆರಿಸುತ್ತಾನೆ. ಚಿತ್ರವನ್ನು ಮಾತ್ರ ಓದುಗನ ಪರವಾಗಿ ಬೇರೊಬ್ಬರು ಆರಿಸಿಟ್ಟಿರುತ್ತಾರೆ. ಗೋಡೆಯ ಆಯ್ಕೆಯಲ್ಲಿ ಕಪಾಟಿನ ಆಯ್ಕೆಗಿಂತಲೂ ಹೆಚ್ಚಿನ ಎಚ್ಚರ ಬೇಕಾದುದು ಈ ಕಾರಣದಿಂದಲೇ.

ಈ ವಿಷಯದಲ್ಲಿ ತತ್ತ್ವಗಳನ್ನು ಬರಿದೆ ಹೇಳುತ್ತ ಹೋಗುವುದಕ್ಕಿಂತ, ನಡೆದ ಸಂಗತಿಯೊಂದನ್ನು ಹಿಡಿದು ವಿಚಾರಮಾಡುವುದು ಲೇಸು. ಅದಕ್ಕೆ ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಪುಸ್ತಕಭಂಡಾರದಂತಹ ನಿದರ್ಶನ ಮತ್ತೊಂದು ದೊರೆಯುವುದು ಕಷ್ಟ. ಒಳ್ಳೆಯ ಆಯ್ಕೆ, ಅವಸರದ ಆಯ್ಕೆ, ಅವಸರದ ನಿರಾಕರಣೆ, ಬಹುಕಾಲದ ವ್ಯಾಜ್ಯ ಇವೆಲ್ಲವೂ ಆ ಒಂದೇ ಕಟ್ಟಡದಲ್ಲಿ ನಡೆದುಹೋಗಿವೆ.

ಆ ಸಂಸ್ಥೆಗೆ 1848ರಲ್ಲಿ ಶಾಸನದ ಮೂಲಕ ಅಸ್ತಿಭಾರ ಬಿದ್ದಿತು. 1854ರಲ್ಲಿ ಅದು ಓದುಗರಿಗೆ ಬಾಗಿಲು ತೆರೆಯಿತು. ಅದರ ಮೊದಲ ದೊಡ್ಡ ದಾನಿ ಜೋಷುವಾ ಬೇಟ್ಸ್ ಎಂಬ ಸಾಹುಕಾರ. ಆತನು 1852ರಲ್ಲಿ 50,000 ಡಾಲರುಗಳನ್ನು ಕೊಡುವುದಾಗಿ ಬರೆದಾಗ ಕೆಲವು ಷರತ್ತುಗಳನ್ನು ಹಾಕಿದನು. ಕಟ್ಟಡವು ನಗರಕ್ಕೆ ಭೂಷಣವಾಗಿರಬೇಕು. ನೂರರಿಂದ ನೂರೈವತ್ತು ಮಂದಿ ಕುಳಿತು ಓದುವಷ್ಟು ಸ್ಥಳವಿರಬೇಕು. ಅದು ಎಲ್ಲರಿಗೂ ಪೂರ್ಣವಾಗಿ ಉಚಿತವಾಗಿರಬೇಕು. ಅಂದದ ಮಾತೂ ಆಸನದ ಮಾತೂ ಒಂದೇ ಉಸಿರಿನಲ್ಲಿ ಬಂದಿರುವುದನ್ನು ಶ್ರೋತೃಗಳು ಗಮನಿಸಬೇಕು. ಸೌಂದರ್ಯವು ಉಳ್ಳವರ ಮನೆಗೆ ಮಾತ್ರ ಸೇರಿದ ಸೊತ್ತಲ್ಲ, ಕೂಲಿಯವನ ಮಗುವಿಗೂ ಅದರಲ್ಲಿ ಪಾಲುಂಟು ಎಂಬ ಭಾವನೆ ಆ ಷರತ್ತುಗಳ ಒಳಗೆ ಅಡಗಿದೆ. ಇಂದು ಕೋಪ್ಲಿ ಚೌಕದಲ್ಲಿ ನಿಂತಿರುವ ಕಟ್ಟಡವು 1895ರಲ್ಲಿ ತೆರೆಯಲ್ಪಟ್ಟಿತು. ಅದರ ಹೆಬ್ಬಾಗಿಲಿನ ಮೇಲೆ, ಎಲ್ಲರಿಗೂ ಮುಕ್ತ ಎಂಬ ಅರ್ಥದ ಮಾತನ್ನು ಕಲ್ಲಿನಲ್ಲಿ ಕೆತ್ತಿದೆ. ಮುಂದೆ ನಡೆದ ಎಲ್ಲ ವಿವಾದಗಳನ್ನೂ ಈ ಮಾತಿನ ಕೆಳಗೆ ನಿಂತೇ ನಾವು ನೋಡಬೇಕು.

ಮೊದಲನೆಯ ವಿವಾದ ಕಟ್ಟಡ ಮುಗಿಯುವುದಕ್ಕೆ ಮುಂಚೆಯೇ ಹುಟ್ಟಿತು. ಹೊರಗೋಡೆಯ ಕಿಟಕಿಗಳ ಕೆಳಗೆ ಲೋಕದ ಮಹಾಪುರುಷರ ಹೆಸರುಗಳನ್ನು ಸಾಲುಸಾಲಾಗಿ ಕೆತ್ತಿಸಿದ್ದರು. ಅವುಗಳಲ್ಲಿ ಒಂದು ಕಡೆ ಮೋಸೆಸ್, ಸಿಸೆರೊ, ಕಾಳಿದಾಸ, ಐಸಾಕ್ರೆಟೀಸ್, ಮಿಲ್ಟನ್ ಎಂದು ಹೆಸರುಗಳಿದ್ದುವು. ಕಾಳಿದಾಸನ ಹೆಸರು ಅಷ್ಟು ದೂರದ ಕಲ್ಲಿನ ಮೇಲೆ ಏರಿತೆಂದು ಕೇಳಿದರೆ ನಮಗೆ ಹೆಮ್ಮೆಯಾಗುವುದು ಸಹಜ. ಆದರೆ 1892ರಲ್ಲಿ ಒಂದು ವೃತ್ತಪತ್ರಿಕೆ ಆ ಹೆಸರುಗಳ ಮೊದಲ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿತು. ಮೋಸೆಸ್‌ನಿಂದ ಮಿಲ್ಟನ್‌ವರೆಗಿನ ಐದು ಅಕ್ಷರಗಳು ಸೇರಿ ಮೆಕಿಮ್ ಎಂದಾಯಿತು! ಅದರ ಮುಂದಿನ ಹೆಸರುಗಳು ಮೀಡ್ ಎಂದೂ ವೈಟ್ ಎಂದೂ ಆದುವು. ಮೆಕಿಮ್, ಮೀಡ್, ವೈಟ್ ಎಂಬುದು ಕಟ್ಟಡವನ್ನು ಕಟ್ಟುತ್ತಿದ್ದ ವಾಸ್ತುಶಿಲ್ಪಿಗಳ ಸಂಸ್ಥೆಯ ಹೆಸರು. ನಗರದಲ್ಲಿ ನಗುವೂ ಕೋಪವೂ ಒಟ್ಟಿಗೆ ಎದ್ದುವು. ಕೆತ್ತಿದ ಆ ಹೆಸರುಗಳನ್ನು ಅಳಿಸಿಹಾಕಬೇಕಾಯಿತು.

ಇದು ಬರಿಯ ವಿನೋದದ ಕಥೆಯಲ್ಲ. ಕಾಳಿದಾಸನು ಆ ಸಾಲಿನಲ್ಲಿ ನಿಲ್ಲಲು ಸರ್ವಥಾ ಅರ್ಹನು. ಆದರೆ ಅವನನ್ನು ಅಲ್ಲಿ ನಿಲ್ಲಿಸಿದ್ದುದು ಅರ್ಹತೆಗಾಗಿ ಅಲ್ಲ, ಒಂದು ಅಕ್ಷರಕ್ಕಾಗಿ. ಬೇರೆಯ ಯಾವುದೋ ಉದ್ದೇಶದಿಂದ ಗೋಡೆಗೇರಿದ ಹಿರಿಮೆಗೆ ಅಂತಹ ಗತಿಯೇ ಬಂದೀತು. ದಾನಿಯ ಮನಸ್ಸಂತೋಷಕ್ಕಾಗಿ, ಅಧಿಕಾರಿಯ ಕಣ್ಣಿಗೆ ಬೀಳುವುದಕ್ಕಾಗಿ, ಪರಿಚಯದ ಕಲಾವಿದನಿಗೆ ಉಪಕಾರ ಮಾಡುವುದಕ್ಕಾಗಿ ತೂಗಹಾಕಿದ ಚಿತ್ರ ಸ್ವತಃ ಒಳ್ಳೆಯದೇ ಆಗಿದ್ದರೂ ಅದರ ಮೇಲೆ ಜನರಿಗೆ ಗೌರವ ಹುಟ್ಟುವುದಿಲ್ಲ. ಆರಿಸಿದ ಕಾರಣವನ್ನು ಎಲ್ಲರ ಮುಂದೆ ಹೇಳುವಂತಿರಬೇಕು. ಹೇಳಲು ನಾಚಿಕೆಯಾಗುವ ಕಾರಣದಿಂದ ಯಾವುದನ್ನೂ ಆರಿಸಬಾರದು. ಇದೇ ಮೊದಲನೆಯ ನಿಯಮ.

ಇನ್ನು ಹೆಬ್ಬಾಗಿಲನ್ನು ದಾಟಿ ಒಳಕ್ಕೆ ಹೋಗೋಣ. ಹಳದಿಯ ಅಮೃತಶಿಲೆಯಿಂದ ಮಾಡಿದ ವಿಶಾಲವಾದ ಸೋಪಾನ ಎದುರಿಗಿದೆ. ಅದರ ಮೇಲ್ಭಾಗದ ಗೋಡೆಗಳಿಗೆ ಚಿತ್ರಗಳನ್ನು ಬರೆದವನು ಫ್ರಾನ್ಸ್ ದೇಶದ ಪ್ಯುವಿ ದ ಶವಾನ್. ಆತನಿಗೆ ಆಗ ಎಪ್ಪತ್ತರ ಸಮೀಪದ ವಯಸ್ಸು. ಅವನು ಬಾಸ್ಟನ್ ನಗರವನ್ನು ಕಂಡವನೇ ಅಲ್ಲ. ಪ್ಯಾರಿಸ್ ನಗರದ ಬಳಿಯ ತನ್ನ ಚಿತ್ರಶಾಲೆಯಲ್ಲಿ ಕುಳಿತು, ದೊಡ್ಡ ಕ್ಯಾನ್‌ವಾಸುಗಳ ಮೇಲೆ ಬರೆದು ಹಡಗಿನಲ್ಲಿ ಕಳುಹಿಸಿದನು. 1895 ಮತ್ತು 1896ರಲ್ಲಿ ಅವುಗಳನ್ನು ಗೋಡೆಗೆ ಅಂಟಿಸಿದರು. ಹೀಗಿದ್ದರೂ ಚಿತ್ರಗಳು ಆ ಸ್ಥಳದಲ್ಲಿಯೇ ಹುಟ್ಟಿದಂತೆ ಹೊಂದಿಕೊಂಡಿವೆ. ಅದರ ಗುಟ್ಟು ಸರಳವಾದುದು. ಸೋಪಾನದ ಅಮೃತಶಿಲೆಯ ತುಂಡುಗಳನ್ನು ಮಾದರಿಗಾಗಿ ಆತನಿಗೆ ಕಳುಹಿಸಿದ್ದರು. ಆ ಕಲ್ಲಿನ ಬಣ್ಣವನ್ನು ಎದುರಿಗಿಟ್ಟುಕೊಂಡು ಆತನು ತನ್ನ ತಿಳಿ ನೀಲಿ, ತಿಳಿ ಹಸಿರುಗಳನ್ನು ಬೆರೆಸಿದನು. ಹೆಸರಾಂತ ಚಿತ್ರವೊಂದನ್ನು ತಂದು ಸಿಕ್ಕಿದ ಜಾಗದಲ್ಲಿ ತೂಗಿಸುವುದು ಬೇರೆ. ಜಾಗವನ್ನು ನೋಡಿ ಚಿತ್ರವನ್ನು ತರುವುದು ಬೇರೆ.

ಆ ಸೋಪಾನದ ಚಿತ್ರಗಳಲ್ಲಿ ತತ್ತ್ವಶಾಸ್ತ್ರ, ಇತಿಹಾಸ, ಖಗೋಳಶಾಸ್ತ್ರ, ರಸಾಯನಶಾಸ್ತ್ರ, ಕಾವ್ಯದ ಮೂರು ಬಗೆಗಳು ಮೊದಲಾದುವಕ್ಕೆ ಒಂದೊಂದು ಫಲಕವುಂಟು. ಭೌತಶಾಸ್ತ್ರದ ಫಲಕವನ್ನು ರೇಡಿಯೋ ಕೇಳುವ ನಾವು ವಿಶೇಷವಾಗಿ ನೆನೆಯಬಹುದು. ಅಲ್ಲಿ ತಂತಿಯ ಕಂಬಗಳ ನಡುವೆ ಹಾದುಹೋದ ತಂತಿಗಳ ಗುಂಟ ಇಬ್ಬರು ಸ್ತ್ರೀಯರು ಹಾರಿಬರುತ್ತಿದ್ದಾರೆ. ಒಬ್ಬಳು ಉಜ್ಜ್ವಲಳು, ಶುಭವಾರ್ತೆ. ಮತ್ತೊಬ್ಬಳು ಕಪ್ಪು ಮುಸುಕಿನವಳು, ಅಶುಭವಾರ್ತೆ. ವಿಜ್ಞಾನದ ವಿಷಯವನ್ನು ಕುರಿತು ಒಂದು ಯಂತ್ರವನ್ನು ಬರೆದಿಟ್ಟಿದ್ದರೆ ಅದು ಇಷ್ಟರಲ್ಲಿ ಹಳತಾಗುತ್ತಿತ್ತು. ತಂತಿಯ ಕೊನೆಯಲ್ಲಿ ಕಾದಿರುವ ಮನುಷ್ಯನ ಎದೆಬಡಿತವನ್ನು ಚಿತ್ರಕಾರನು ಹಿಡಿದನು. ಅದು ಇಂದಿಗೂ ಹಳತಾಗಿಲ್ಲ.

ಆ ಕಟ್ಟಡದಲ್ಲಿ ಭಿತ್ತಿಚಿತ್ರಗಳನ್ನು ಎಲ್ಲೆಲ್ಲಿ ಇರಿಸಿದ್ದಾರೆಂಬುದೂ ವಿಚಾರಾರ್ಹವಾಗಿದೆ. ಸೋಪಾನದಲ್ಲಿ ಇವೆ, ಮೇಲಂತಸ್ತಿನ ಉದ್ದನೆಯ ಪಡಸಾಲೆಯಲ್ಲಿ ಇವೆ, ಪುಸ್ತಕ ಕೇಳಿ ಕಾದಿರುತ್ತಿದ್ದ ಕೋಣೆಯಲ್ಲಿ ಇವೆ. ಮುಖ್ಯವಾದ ವಾಚನಶಾಲೆಯಲ್ಲಿ ಮಾತ್ರ ಅವು ಇಲ್ಲ. ನಡೆಯುವ ಕಡೆಯೂ ಕಾಯುವ ಕಡೆಯೂ ಚಿತ್ರಗಳು ದೊರೆತಿವೆ. ಓದುವ ಕಡೆ ಕಣ್ಣಿಗೆ ಬಿಡುವು ದೊರೆತಿದೆ. ಕಾಯುವ ಕೋಣೆಗೆ ಎಡ್ವಿನ್ ಆಸ್ಟಿನ್ ಆಬಿ ಎಂಬಾತನು ಆರ್ಥರ್ ರಾಜನ ಕಾಲದ ಪವಿತ್ರಪಾತ್ರೆಯ ಅನ್ವೇಷಣೆಯ ಕಥೆಯನ್ನು 15 ಫಲಕಗಳಲ್ಲಿ ಬರೆದು, 1901ರಲ್ಲಿ ಮುಗಿಸಿದನು. ಕೇಳಿದ ಪುಸ್ತಕವು ಒಳಗಿನ ಉಗ್ರಾಣದಿಂದ ಬರುವವರೆಗೆ ಓದುಗನು ಅಲ್ಲಿ ಸುಮ್ಮನೆ ನಿಲ್ಲಬೇಕಾಗಿತ್ತು. ಸುಮ್ಮನೆ ನಿಲ್ಲಬೇಕಾದವನಿಗೆ ಸುತ್ತಲೂ ಒಂದು ಕಥೆ ನಡೆಯುತ್ತಿದ್ದರೆ ಕಾಯುವುದೂ ಓದಿನ ಒಂದು ಭಾಗವೇ ಆಗುತ್ತದೆ. ಇದು ಎರಡನೆಯ ನಿಯಮ. ಆ ಸ್ಥಳದಲ್ಲಿ ಜನ ಏನು ಮಾಡುತ್ತಾರೆಂಬುದನ್ನು ತಿಳಿದು, ಅದಕ್ಕೆ ನೆರವಾಗುವ ಕೃತಿಯನ್ನು ಇರಿಸತಕ್ಕದ್ದು.

ಇಲ್ಲಿಯವರೆಗೆ ಎಲ್ಲವೂ ಹಿತವಾಗಿಯೇ ನಡೆಯಿತು. ಇನ್ನು ಮುಂದಿನ ಎರಡು ಸಂಗತಿಗಳು ಅಷ್ಟು ಹಿತವಾದುವಲ್ಲ.

ವಾಸ್ತುಶಿಲ್ಪಿ ಮೆಕಿಮ್ ತಾನು ಕಟ್ಟಿದ ಪುಸ್ತಕಭಂಡಾರದ ಒಳ ಅಂಗಳಕ್ಕೆ 1896ರಲ್ಲಿ ಒಂದು ಕಂಚಿನ ಪ್ರತಿಮೆಯನ್ನು ತನ್ನ ಪತ್ನಿಯ ಸ್ಮರಣಾರ್ಥವಾಗಿ ಕಾಣಿಕೆ ಕೊಟ್ಟನು. ಅದನ್ನು ಮಾಡಿದವನು ಫ್ರೆಡರಿಕ್ ಮ್ಯಾಕ್‌ಮನೀಸ್. ವಿವಸ್ತ್ರಳಾದ ಒಬ್ಬ ತರುಣಿ ಒಂದು ಕೈಯಲ್ಲಿ ದ್ರಾಕ್ಷಿಯ ಗೊಂಚಲನ್ನು ಮೇಲಕ್ಕೆತ್ತಿ, ಮತ್ತೊಂದು ತೋಳಿನಲ್ಲಿ ಮಗುವನ್ನು ಎತ್ತಿಕೊಂಡು, ನಗುತ್ತ ಕುಣಿಯುತ್ತಿರುವ ಪ್ರತಿಮೆ ಅದು. ಗ್ರೀಕರ ಮದ್ಯದೇವತೆಯ ಭಕ್ತೆ ಅವಳು. ಬಾಸ್ಟನ್ ನಗರದಲ್ಲಿ ಕಲಾಕೃತಿಗಳನ್ನು ಪರಿಶೀಲಿಸುವುದಕ್ಕೆಂದು 1890ರಲ್ಲಿಯೇ ಒಂದು ಕಲಾಮಂಡಲಿ ಸ್ಥಾಪಿತವಾಗಿತ್ತು. ಮಂಡಲಿ ಮೊದಲು ಅನುಮಾನಿಸಿತು, ಬಳಿಕ ಒಪ್ಪಿತು. ಪ್ರತಿಮೆಯನ್ನು ಅಂಗಳದಲ್ಲಿ ನಿಲ್ಲಿಸಿದೊಡನೆ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಧರ್ಮಬೋಧಕರು ಖಂಡಿಸಿದರು, ಪಾನನಿರೋಧದ ಪಕ್ಷದವರು ಕುಡಿದು ಕುಣಿಯುವವಳಿಗೆ ವಿದ್ಯಾಮಂದಿರದಲ್ಲಿ ಏನು ಕೆಲಸವೆಂದು ಕೇಳಿದರು, ಕೆಲವು ವಿದ್ವಾಂಸರೂ ಅವರ ಜೊತೆಗೂಡಿದರು. ಕಡೆಗೆ ಮೆಕಿಮ್ ಬೇಸತ್ತು 1897ರಲ್ಲಿ ತನ್ನ ಕಾಣಿಕೆಯನ್ನು ಹಿಂದಕ್ಕೆ ತೆಗೆದುಕೊಂಡು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟನು. ಅಲ್ಲಿ ಅದು ಅಂದಿನಿಂದಲೂ ಇದೆ. ಸುಮಾರು ನೂರು ವರ್ಷಗಳಾದ ಮೇಲೆ, 1990ರ ದಶಕದಲ್ಲಿ, ಅದೇ ಪ್ರತಿಮೆಯ ಪ್ರತಿಕೃತಿಯನ್ನು ಬಾಸ್ಟನ್ನಿನ ಅದೇ ಅಂಗಳದಲ್ಲಿ ನಿಲ್ಲಿಸಿದರು.

ವಿರೋಧಿಸಿದವರನ್ನು ಮೂಢರೆಂದು ನಗುವುದು ಇಂದು ಸುಲಭ. ನಾವು ಹಾಗೆ ನಗಲಾರೆವು. ಆ ಗೋಡೆ ಅವರದೂ ಆಗಿತ್ತು. ಮಾತನಾಡುವ ಅಧಿಕಾರ ಅವರಿಗೂ ಇತ್ತು. ದೋಷವಿದ್ದುದು ಕ್ರಮದಲ್ಲಿ. ಕಾಣಿಕೆ ಬಂದಮೇಲೆ ನಿಯಮವನ್ನು ಹುಡುಕತೊಡಗಿದರೆ, ಮಾತೆಲ್ಲ ಕೊಟ್ಟವನ ಕಡೆಗೂ ಕೆತ್ತಿದವನ ಕಡೆಗೂ ತಿರುಗುತ್ತದೆ. ಬೇಡವೆಂದರೆ ದಾನಿಗೆ ಅವಮಾನ. ಬೇಕೆಂದರೆ ವಿರೋಧಿಗಳಿಗೆ ಅವಮಾನ. ಪತ್ನಿಯ ನೆನಪಿಗಾಗಿ ಕೊಟ್ಟ ವಸ್ತುವಿನ ಮೇಲೆ ಬೀದಿಯಲ್ಲಿ ವಾದ ನಡೆಯುವುದನ್ನು ನೋಡಬೇಕಾದವನ ಮನಸ್ಸು ಎಷ್ಟು ನೊಂದಿರಬೇಕು! ಆದುದರಿಂದ ಯಾವ ಬಗೆಯ ಕೃತಿಗಳನ್ನು ಸ್ವೀಕರಿಸುತ್ತೇವೆ, ಎಲ್ಲಿ ಇಡುತ್ತೇವೆ, ಎಷ್ಟು ಕಾಲ ಇಡುತ್ತೇವೆ, ತೀರ್ಮಾನ ಯಾರದು ಎಂಬುದನ್ನು ಯಾವ ಕಾಣಿಕೆಯೂ ಬಾಗಿಲಿಗೆ ಬರುವ ಮುಂಚೆಯೇ ಬರೆದಿಡತಕ್ಕದ್ದು. ಬರೆದ ನಿಯಮವಿದ್ದಲ್ಲಿ ನಿರಾಕರಣೆಯೂ ಮರ್ಯಾದೆಯಿಂದ ನಡೆಯುತ್ತದೆ, ಸ್ವೀಕಾರಕ್ಕೂ ಬೆನ್ನೆಲುಬು ಇರುತ್ತದೆ. ಇದು ಮೂರನೆಯದು.

ಎರಡನೆಯ ಸಂಗತಿ ಇದಕ್ಕಿಂತ ಕಠಿನವಾದುದು. ಮೇಲಂತಸ್ತಿನ ಪಡಸಾಲೆಯನ್ನು ಜಾನ್ ಸಿಂಗರ್ ಸಾರ್ಜೆಂಟ್ ಎಂಬ ಪ್ರಸಿದ್ಧ ಚಿತ್ರಕಾರನಿಗೆ 1890ರಲ್ಲಿ ವಹಿಸಿದರು. ಧರ್ಮದ ಚರಿತ್ರೆಯನ್ನು ಆತನು ವಸ್ತುವಾಗಿ ಆರಿಸಿಕೊಂಡು, ಸುಮಾರು 30 ವರ್ಷಗಳ ಕಾಲ ಕಂತು ಕಂತಾಗಿ ಬರೆದನು. 1895ರಲ್ಲಿ ಮೊದಲ ಕಂತಿನಲ್ಲಿ ಬಂದ ಹೀಬ್ರೂ ಪ್ರವಾದಿಗಳ ಸಾಲು ಬಹಳ ಜನಪ್ರಿಯವಾಯಿತು. 1919ರಲ್ಲಿ ಸೋಪಾನದ ಮೇಲ್ಗಡೆಯ ಗೋಡೆಗೆ ಎರಡು ಫಲಕಗಳು ಬಂದುವು. ಒಂದರ ಹೆಸರು ಚರ್ಚು, ಮತ್ತೊಂದರ ಹೆಸರು ಸಿನಗಾಗು, ಎಂದರೆ ಯೆಹೂದ್ಯರ ದೇವಾಲಯ. ಚರ್ಚನ್ನು ಗಂಭೀರಳಾದ ತರುಣಿಯಂತೆ ಬರೆದಿದ್ದನು. ಸಿನಗಾಗನ್ನು ಕಣ್ಣಿಗೆ ಪಟ್ಟಿ ಕಟ್ಟಿದ, ರಾಜದಂಡ ಮುರಿದ, ಕಿರೀಟ ಜಾರಿದ, ಕುಸಿದುಬಿದ್ದ ಮುದುಕಿಯಂತೆ ಬರೆದಿದ್ದನು.

ಈ ಕಲ್ಪನೆ ಸಾರ್ಜೆಂಟನದಲ್ಲ. ಯೂರೋಪಿನ ಮಧ್ಯಯುಗದ ದೊಡ್ಡ ದೊಡ್ಡ ಚರ್ಚುಗಳ ಬಾಗಿಲುಗಳಲ್ಲಿ ಇಂತಹ ಜೋಡಿ ಪ್ರತಿಮೆಗಳಿವೆ. ಆತನು ಹಳೆಯ ಸಂಪ್ರದಾಯವನ್ನು ಅನುಸರಿಸಿದನು. ಆದರೆ ಹಿಂದೆ ಅದು ಇದ್ದುದು ಚರ್ಚಿನ ಬಾಗಿಲಿನಲ್ಲಿ. ಈಗ ಅದು ಬಂದು ನಿಂತುದು, ಎಲ್ಲರಿಗೂ ಮುಕ್ತವೆಂದು ಕೆತ್ತಿದ ಬಾಗಿಲಿನ ಒಳಗೆ. ಬಾಸ್ಟನ್ ನಗರದಲ್ಲಿ ಆಗ ಯೆಹೂದ್ಯ ಸಂಸಾರಗಳು ಅನೇಕವಿದ್ದುವು. ಹೊರದೇಶಗಳಿಂದ ಆಗತಾನೇ ಬಂದವರೂ ಅವರಲ್ಲಿ ಬಹಳ ಮಂದಿ. ಅಂತಹ ಮನೆಯ ಹುಡುಗನೊಬ್ಬನು ಪುಸ್ತಕಕ್ಕಾಗಿ ಆ ಮೆಟ್ಟಿಲುಗಳನ್ನು ಹತ್ತುವುದನ್ನು ನಾವು ಊಹಿಸಿಕೊಳ್ಳೋಣ. ತಲೆಯೆತ್ತಿ ನೋಡಿದರೆ, ತನ್ನ ಅಜ್ಜಿ ಸಬ್ಬತ್ತಿನ ದಿನ ದೀಪ ಹಚ್ಚಿ ಪೂಜಿಸುವ ಧರ್ಮವು ಕುರುಡಿಯಾಗಿ ಕುಸಿದುಬಿದ್ದಿದೆ. ಅವನಿಗೆ ಆ ಭವನ ತನ್ನದೆನ್ನಿಸೀತೆ?

ಯೆಹೂದ್ಯ ಸಮಾಜದವರು ಪ್ರತಿಭಟಿಸಿದರು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 1922ರಲ್ಲಿ ಆ ಸಂಸ್ಥಾನದ ಶಾಸನಸಭೆ ಚಿತ್ರವನ್ನು ಅಲ್ಲಿಂದ ವಶಪಡಿಸಿಕೊಳ್ಳುವ ಶಾಸನವನ್ನೇ ಅಂಗೀಕರಿಸಿತು. ಅದು ಜಾರಿಗೆ ಬಾರದೆ 1924ರಲ್ಲಿ ರದ್ದಾಯಿತು. ಆ ವರ್ಷವೇ ಯಾರೋ ಚಿತ್ರದ ಮೇಲೆ ಮಸಿಯನ್ನು ಎರಚಿದರು. ಆ ಎರಡು ಫಲಕಗಳ ನಡುವೆ ಗಿರಿಪ್ರವಚನದ ಚಿತ್ರವೊಂದನ್ನು ಬರೆದು ಇಡೀ ಕೆಲಸವನ್ನು ಪೂರೈಸಬೇಕೆಂದು ಸಾರ್ಜೆಂಟ್ ಯೋಚಿಸಿದ್ದನು. ಅದನ್ನು ಬರೆಯದೆಯೇ 1925ರಲ್ಲಿ ತೀರಿಹೋದನು. ಸಿನಗಾಗಿನ ಚಿತ್ರ ಇಂದಿಗೂ ಅಲ್ಲಿದೆ. ನಡುವಣ ಗೋಡೆ ಇಂದಿಗೂ ಬರಿದಾಗಿದೆ. ಪಡಸಾಲೆಯ ಚಿತ್ರಗಳನ್ನೆಲ್ಲ 2003 ಮತ್ತು 2004ರಲ್ಲಿ ಬಹು ಎಚ್ಚರದಿಂದ ಶುದ್ಧಗೊಳಿಸಿದರು.

ಇಲ್ಲಿ ನ್ಯಾಯ ಯಾವ ಕಡೆಗಿದೆ? ಶ್ರೋತೃಗಳಲ್ಲಿ ಕೆಲವರು, ನೋವುಂಟುಮಾಡುವುದನ್ನು ತೆಗೆದುಬಿಡಬೇಕೆಂದಾರು. ಬೇರೆ ಕೆಲವರು, ಕಲಾವಿದನ ಕೈಯನ್ನು ಯಾರೂ ಹಿಡಿಯಬಾರದೆಂದಾರು. ಮೊದಲನೆಯ ಮಾತನ್ನು ಕೊನೆಯವರೆಗೆ ಅನುಸರಿಸಿದರೆ ಗೋಡೆಯ ಮೇಲೆ ಹೂವಿನ ಕುಂಡವಲ್ಲದೆ ಬೇರೇನೂ ಉಳಿಯಲಾರದು. ಎರಡನೆಯದನ್ನು ಅನುಸರಿಸಿದರೆ ಸರ್ವರ ಸೊತ್ತು ಒಬ್ಬನ ಸೊತ್ತಾಗುತ್ತದೆ. ಒಂದು ವಿಚಾರವನ್ನು ಪ್ರಶ್ನಿಸುವ ಚಿತ್ರಕ್ಕೂ ಒಂದು ಜನವನ್ನು ಕೀಳೆಂದು ಸಾರುವ ಚಿತ್ರಕ್ಕೂ ಅಂತರವುಂಟೆಂದು ನಮಗೆ ತೋರುತ್ತದೆ. ಕುಣಿಯುವ ತರುಣಿಯನ್ನು ಕಂಡು ಮನಸ್ಸಿಗೆ ಹಿಡಿಸದವನು ಮುಖ ತಿರುಗಿಸಿಕೊಂಡು ಹೋಗಬಹುದು. ಆ ಪ್ರತಿಮೆ ಅವನ ಕುಲವನ್ನು ಕುರಿತು ಏನನ್ನೂ ಹೇಳಲಿಲ್ಲ. ಕುಸಿದ ಮುದುಕಿಯ ಚಿತ್ರವಾದರೋ ನೋಡುವವನನ್ನು ಬೆರಳಿಟ್ಟು ತೋರಿಸಿ, ನೀನು ಸೋತವರ ಪೈಕಿಯವನು ಎನ್ನುತ್ತದೆ. ಹೊಸದಾಗಿ ಆರಿಸುವಾಗ ಈ ಎರಡನೆಯ ಬಗೆಯದು ಸಾರ್ವಜನಿಕರ ಗೋಡೆಗೆ ಸಲ್ಲದು.

ಹಿಂದಿನವರು ಈಗಾಗಲೇ ಇರಿಸಿಹೋದುದರ ಮಾತು ಬೇರೆ. ಅದನ್ನು ಮಸಿ ಎರಚಿ ಅಳಿಸಿದರೆ ನೋವು ಅಳಿಯುವುದಿಲ್ಲ. ಅದರ ಚರಿತ್ರೆ ಮಾತ್ರ ಅಳಿಯುತ್ತದೆ. ಅದರ ಪಕ್ಕದಲ್ಲಿ, ಇದು ಹೇಗೆ ಬಂದಿತು, ಯಾರು ಯಾಕೆ ವಿರೋಧಿಸಿದರು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದು ತೂಗಹಾಕಿದರೆ, ಅವಮಾನದ ಚಿತ್ರವೂ ವಿದ್ಯೆಯ ಒಂದು ಪಾಠವಾಗುತ್ತದೆ. ಪುಸ್ತಕಭಂಡಾರಕ್ಕೆ ಇದಕ್ಕಿಂತ ಸಹಜವಾದ ಉಪಾಯ ಮತ್ತಾವುದಿದ್ದೀತು? ವಿವರಿಸುವುದೇ ಅದರ ವೃತ್ತಿಯಲ್ಲವೆ?

ಇದನ್ನೆಲ್ಲ ಕೇಳಿ, ಅಷ್ಟು ದೊಡ್ಡ ಭವನದ ಮಾತು ನಮ್ಮಂತಹವರಿಗೆ ಏತಕ್ಕೆ ಎಂದು ಯಾರಾದರೂ ಕೇಳಬಹುದು. ಅವರಿಗೆ ನಾವು ನ್ಯೂವರ್ಕ್ ಎಂಬ ಊರಿನ ಜಾನ್ ಕಾಟನ್ ಡೇನಾ ಎಂಬ ಗ್ರಂಥಪಾಲಕನನ್ನು ಪರಿಚಯ ಮಾಡಿಕೊಡುತ್ತೇವೆ. ಆತನು 1902ರಿಂದ 1929ರವರೆಗೆ ಅಲ್ಲಿನ ಸಾರ್ವಜನಿಕ ಪುಸ್ತಕಭಂಡಾರವನ್ನು ನಡೆಸಿದನು. 1909ರಲ್ಲಿ ಅದರ ಮೇಲಂತಸ್ತಿನಲ್ಲಿಯೇ ಒಂದು ವಸ್ತುಸಂಗ್ರಹಾಲಯವನ್ನು ಆರಂಭಿಸಿದನು. ಬೆಲೆಯಿಂದಲೂ ಹಳಮೆಯಿಂದಲೂ ಅಂದವನ್ನು ಅಳೆಯಬಾರದೆಂಬುದು ಆತನ ಮತ. ಅದನ್ನು ತೋರಿಸುವುದಕ್ಕಾಗಿ 1928ರಲ್ಲಿ, ಬೀದಿಯ ಅಗ್ಗದ ಅಂಗಡಿಗಳಲ್ಲಿ ಕೊಂಡ ಬಟ್ಟಲು, ತಟ್ಟೆ ಮೊದಲಾದ ದಿನಬಳಕೆಯ ವಸ್ತುಗಳಲ್ಲಿ ಚೆಲುವಾದುವನ್ನು ಆರಿಸಿ ಪ್ರದರ್ಶನಕ್ಕಿಟ್ಟನು. ಆರಿಸುವ ಕಣ್ಣಿದ್ದರೆ ಹಣದ ಕೊರತೆ ಅಷ್ಟಾಗಿ ಬಾಧಿಸುವುದಿಲ್ಲ. ಚಿಕ್ಕ ಪುಸ್ತಕಭಂಡಾರಕ್ಕೆ ಶಾಶ್ವತವಾದ ದೊಡ್ಡ ಚಿತ್ರಕ್ಕಿಂತ, ಎರಡು ತಿಂಗಳಿಗೊಮ್ಮೆ ಬದಲಾಗುವ ಚಿಕ್ಕ ಪ್ರದರ್ಶನವೇ ಮೇಲು. ತಪ್ಪಾದರೆ ತಿದ್ದಿಕೊಳ್ಳಬಹುದು, ಒಬ್ಬರಿಗೆ ಹಿಡಿಸದಿದ್ದರೆ ಮುಂದಿನ ಸಲ ಹಿಡಿಸೀತು.

ಹಾಗೆ ಹೊರಗಿನವರಿಗೆ ಪ್ರದರ್ಶನಕ್ಕಾಗಿ ಸ್ಥಳ ಕೊಡುವಾಗ ಒಂದು ನ್ಯಾಯವನ್ನು ಪಾಲಿಸಬೇಕು. ಅಮೆರಿಕದ ಗ್ರಂಥಾಲಯ ಸಂಘವು 1939ರಲ್ಲಿ ಮೊದಲು ಅಂಗೀಕರಿಸಿ, ಬಳಿಕ ಹಲವು ಸಲ ತಿದ್ದಿದ ಹಕ್ಕುಗಳ ಘೋಷಣೆಯಲ್ಲಿ, ಕೇಳುವವರ ನಂಬಿಕೆಯನ್ನಾಗಲಿ ಪಕ್ಷವನ್ನಾಗಲಿ ನೋಡದೆ ಸ್ಥಳವನ್ನು ಸಮನಾಗಿ ಒದಗಿಸಬೇಕೆಂದು ಇದೆ. ಅಂಥಲ್ಲಿ ಪುಸ್ತಕಭಂಡಾರ ಕೇವಲ ಆತಿಥೇಯ. ಶಾಶ್ವತವಾದ ಕೃತಿಗಾದರೋ ಅದು ಸ್ವತಃ ಹೊಣೆ. ಈ ಎರಡು ಪಾತ್ರಗಳನ್ನು ಕಲಸಿಕೊಳ್ಳಬಾರದು.

ಇನ್ನು ಕೆಲಸದ ಮಾತುಗಳು ಒಂದೆರಡು. ಚಿತ್ರಕ್ಕೆ ಮೊದಲ ಶತ್ರು ಬಿಸಿಲು. ಕಾಗದ, ಬಟ್ಟೆ, ಜಲವರ್ಣ ಇವುಗಳಿಗೆ 50 ಲಕ್ಸ್ ಬೆಳಕು ಸಾಕು. ತೈಲಚಿತ್ರ 200ರವರೆಗೆ ತಾಳೀತು. ನೇರವಾದ ಬಿಸಿಲಿನಲ್ಲಿ ಅದು ಲಕ್ಷದ ಸಮೀಪಕ್ಕೆ ಏರಬಲ್ಲದು. ಮಾಸಿದ ಬಣ್ಣ ನೆರಳಿಗೆ ತಂದರೆ ಮರಳುವುದಿಲ್ಲ. ಆದುದರಿಂದ ಕಿಟಕಿಯ ಎದುರುಗೋಡೆಯನ್ನು ಬಿಟ್ಟು ಪಕ್ಕದ ಗೋಡೆಯನ್ನು ಆರಿಸಬೇಕು. ಮಳೆಯ ತೇವ ಹೀರುವ ಹೊರಗೋಡೆಗೆ ಚೌಕಟ್ಟು ತಾಗಿಕೊಂಡಿರಬಾರದು. ಹಿಂದುಗಡೆ ಬೆರಳಗಲ ಗಾಳಿಯಾಡಬೇಕು. ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿರಬೇಕು. ಮಕ್ಕಳ ಕೋಣೆಯಲ್ಲಿ ಇನ್ನೂ ಕೆಳಗಿರಬೇಕು. ನಮ್ಮಲ್ಲಿ ಪಟಗಳನ್ನು ತೊಲೆಯ ಹತ್ತಿರಕ್ಕೆ ಏರಿಸಿ ತೂಗಿಸುವ ವಾಡಿಕೆಯುಂಟು. ಅದು ಗೌರವಕ್ಕಾದೀತೇ ಹೊರತು ನೋಟಕ್ಕಾಗದು. ಕೃತಿಯ ಬಳಿ ಅದರ ಹೆಸರು, ಮಾಡಿದವರ ಹೆಸರು, ಕಾಲ, ಅದನ್ನು ಆರಿಸಿದ ಕಾರಣ ಇವಿಷ್ಟನ್ನು ನಾಲ್ಕು ಸಾಲುಗಳಲ್ಲಿ ಓದುವಂತೆ ಬರೆದಿರಬೇಕು. ಧೂಳು ತೆಗೆಯುವುದಕ್ಕೂ ಚೌಕಟ್ಟನ್ನು ದುರಸ್ತು ಮಾಡುವುದಕ್ಕೂ ವರ್ಷಕ್ಕಿಷ್ಟೆಂದು ಹಣ ತೆಗೆದಿರಿಸದೆ ಯಾವ ಕಾಣಿಕೆಯನ್ನೂ ಒಪ್ಪಬಾರದು.

ಆರಿಸುವವರು ಯಾರೆಂಬ ಪ್ರಶ್ನೆ ಉಳಿಯಿತು. ಗ್ರಂಥಪಾಲಕರೊಬ್ಬರೇ ಆದರೆ ಅವರ ರುಚಿಯೇ ಊರಿನ ರುಚಿಯಾಗುತ್ತದೆ. ಕಲಾವಿದರೇ ಆದರೆ ಓದುಗರ ಮಾತು ಕೇಳಿಸುವುದಿಲ್ಲ. ಎಲ್ಲರೂ ಕೈಯೆತ್ತಿ ಮತ ಹಾಕಿದರೆ ಈಗಾಗಲೇ ಪರಿಚಿತವಾದುದು ಮಾತ್ರ ಗೆಲ್ಲುತ್ತದೆ. ಆದುದರಿಂದ ಕಲೆಯನ್ನು ಬಲ್ಲ ಇಬ್ಬರು, ಕಟ್ಟಡವನ್ನು ಬಲ್ಲ ಒಬ್ಬರು, ಗ್ರಂಥಪಾಲಕರು, ನಿತ್ಯವೂ ಬರುವ ಓದುಗರಲ್ಲಿ ಇಬ್ಬರು ಕೂಡಿದ ಚಿಕ್ಕ ಸಮಿತಿ ಯುಕ್ತವೆಂದು ನಮ್ಮ ಅಭಿಪ್ರಾಯ. ಆ ಓದುಗರಲ್ಲಿ ಒಬ್ಬರಾದರೂ ಸಾಮಾನ್ಯವಾಗಿ ಸಭೆಗಳಿಗೆ ಯಾರೂ ಕರೆಯದ ಕೇರಿಯವರಾಗಿರಲಿ. ಕೃತಿಯ ಮಾದರಿಯನ್ನು ಒಂದು ತಿಂಗಳು ಪುಸ್ತಕಭಂಡಾರದಲ್ಲಿಯೇ ಇರಿಸಿ, ಬಂದವರ ಅಭಿಪ್ರಾಯಗಳನ್ನು ಬರೆಸಿಕೊಂಡು, ಬಳಿಕ ತೀರ್ಮಾನಿಸಿ, ತೀರ್ಮಾನದ ಕಾರಣವನ್ನು ಪ್ರಕಟಿಸಲಿ. ಎಲ್ಲರೂ ಒಪ್ಪುವುದು ಅಸಾಧ್ಯ. ಎಲ್ಲರನ್ನೂ ಕೇಳುವುದು ಸಾಧ್ಯ.

ನಮ್ಮ ನಾಡಿನಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದಿಂದ, ಮನೆಗಂದಾಯದೊಡನೆ ಗ್ರಂಥಾಲಯದ ಕರವನ್ನೂ ಸಲ್ಲಿಸುವ ಏರ್ಪಾಡಾಯಿತು. ಹಾಗೆಂದಮೇಲೆ ಪುಸ್ತಕಭಂಡಾರದ ಒಂದೊಂದು ಇಟ್ಟಿಗೆಯಲ್ಲಿಯೂ ಊರಿನವರೆಲ್ಲರ ಕಾಸು ಸೇರಿದೆ. ಮುಂದಿನ ಸಲ ಅಲ್ಲಿಗೆ ಹೋದಾಗ, ಪುಸ್ತಕ ತೆಗೆದುಕೊಳ್ಳುವ ಮುಂಚೆ ಶ್ರೋತೃಗಳು ಒಂದು ನಿಮಿಷ ಗೋಡೆಯನ್ನು ನೋಡಲಿ. ಅಲ್ಲಿ ಯಾರ ಮುಖವಿದೆ, ಯಾರ ಮುಖವಿಲ್ಲ, ಯಾರು ಆರಿಸಿದರು, ಯಾಕೆ ಆರಿಸಿದರು ಎಂದು ಮೇಜಿನ ಬಳಿ ಕುಳಿತವರನ್ನು ಸೌಮ್ಯವಾಗಿ ಕೇಳಲಿ. ಉತ್ತರ ದೊರೆಯದಿದ್ದರೆ ಅದು ಅವರ ತಪ್ಪೊಂದೇ ಅಲ್ಲ. ಇಷ್ಟು ದಿನ ಕೇಳದೆ ಇದ್ದ ನಮ್ಮ ತಪ್ಪೂ ಹೌದು. ಚಪ್ಪಲಿಯನ್ನು ಹೊರಗೆ ಬಿಟ್ಟು ಅಳುಕುತ್ತ ಒಳಕ್ಕೆ ಬರುವ ಮಗುವೊಂದು ಗೋಡೆಯ ಕಡೆ ನೋಡಿ, ಅಳುಕು ಬಿಟ್ಟು ಕಪಾಟಿನ ಕಡೆ ನಡೆದರೆ, ಆರಿಸಿದವರ ಶ್ರಮ ಸಾರ್ಥಕವಾಯಿತೆಂದು ನಾವು ತಿಳಿಯಬಹುದು.